ಕೊಕ್ಕರೆ ಮಾಡಿದ ತಪ್ಪೇನು?

ಕಲಬುರಗಿ, 12 ಆಗಸ್ಟ್ 2024, ಸೋಮವಾರ

ಶ್ರಾವಣ ಸೋಮವಾರ. ಓಣಿಯ ಕಾಕಾ ಒಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆ. ಊಟಕ್ಕೆ ಮೊದಲು ಅವರೇ ಅರ್ಧ ತಾಸು ಬಸವಣ್ಣನ ವಚನ ಬಿಡಿಸಿ ಹೇಳಿದರು. 'ಇವ ನಮ್ಮವ, ಇವ ನಮ್ಮವ' ಅನ್ನುವಾಗ ಅವರ ಗಂಟಲು ಕಟ್ಟಿತ್ತು. ಆಮೇಲೆ ಚಹಾ ಬಂತು. ನಮಗೆಲ್ಲ ಸ್ಟೀಲ್ ಲೋಟ. ಭಾಂಡೆ ತಿಕ್ಕುವ ಆಯಿಗೆ ಮಾತ್ರ ಹಿತ್ತಲಲ್ಲಿ ಹಿಡಿ ಮುರಿದ ಕಪ್ಪು, ಅದನ್ನಿಡಲು ಬೇರೆ ಗೂಡು. ಬಸವಣ್ಣನ ಕಲ್ಯಾಣ ನಮ್ಮೂರಿಂದ ಬರೀ ಎರಡು ತಾಸಿನ ದಾರಿ. 800 ವರ್ಷ ದಾಟಿದರೂ ಮಾತು ಇನ್ನೂ ಬಂದು ಮುಟ್ಟಿಲ್ಲ.

ದಾರಿಯುದ್ದಕ್ಕೂ ಇಂಥವರಿಗೊಂದು ಸರಿಯಾದ ಹೆಸರು ಹುಡುಕಿದೆ. ಡಾಂಭಿಕ ಅಂದ್ರೆ ಪುಸ್ತಕದ ಮಾತು. ಢೋಂಗಿ ಬಳಸಿ ಬಳಸಿ ಮೊಂಡಾಗಿದೆ. ಆಷಾಢಭೂತಿ? ಅದು ಪಂಚತಂತ್ರದ ಕಳ್ಳನ ಹೆಸರು. ದೇವಶರ್ಮ ಅನ್ನೋ ಸನ್ಯಾಸಿಗೆ ಶಿಷ್ಯನಾಗಿ, ನಂಬಿಕೆ ಗಳಿಸಿ, ಹಣದ ಗಂಟು ಎತ್ತಿಕೊಂಡು ಓಡಿದವನು. ಕಾಕಾ ಯಾರ ಗಂಟೂ ಕದ್ದವರಲ್ಲ. ಆಯಿಯ ಮೊಮ್ಮಗನ ಶಾಲೆ ಫೀಸು ಕಟ್ಟೋದೂ ಅವರೇ.

ಬಕಧ್ಯಾನಿ ಅನ್ನೋಣ ಅಂದ್ರೆ, ಪಾಪ, ಕೊಕ್ಕರೆ ಒಂಟಿಕಾಲಲ್ಲಿ ನಿಂತು ಮೀನು ಕಾಯುತ್ತದೆ. ನಾನು ಧ್ಯಾನ ಮಾಡ್ತಿದ್ದೀನಿ ಅಂತ ಅದು ಯಾರಿಗೆ ಹೇಳಿತ್ತು? ಹಗಲುವೇಷದವರದೂ ಇದೇ ಕಥೆ. ಮೈಗೆ ಬಣ್ಣ ಬಳಿದುಕೊಂಡು ಬಾಗಿಲಿಗೆ ಬಂದರೆ ಇದು ವೇಷ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಸೋಗಲಾಡಿಯ 'ಸೋಗು' ಅಂದರೂ ವೇಷವೇ. ಇಂಗ್ಲಿಷಿನ ಹಿಪೊಕ್ರಿಟ್ ಕೂಡ ಮೂಲ ಗ್ರೀಕ್‌ನಲ್ಲಿ ನಾಟಕದ ಪಾತ್ರಧಾರಿಯಂತೆ. ಬೈಯೋಕೆ ಎಲ್ಲ ಊರಲ್ಲೂ ಕಲಾವಿದರೇ ಬೇಕಾ?

ಆಟೋ ಹತ್ತಿ ಚಾಚಾನನ್ನು ಸುಮ್ನೆ ಕೇಳಿದೆ, "ಇಂಥವರಿಗೆ ನಿಮ್ಮಲ್ಲಿ ಏನಂತೀರಿ?"

"ಮುನಾಫಿಕ್ ಅಂತಾರ್ರಿ. ಆದ್ರ ಒಬ್ಬರ ಮುಖ ನೋಡಿ ಹಂಗ ಅನ್ನಬಾರದು. ಒಳಗಿಂದು ಮ್ಯಾಲಿನವಗ ಗೊತ್ತು." ತುಸು ತಡೆದು ನಕ್ಕರು. "ಸೌ ಚೂಹೇ ಖಾಕೆ ಬಿಲ್ಲಿ ಹಜ್ ಕೋ ಚಲೀ. ಇಷ್ಟು ಅಂದ್ರ ನಡೀತದ್ರಿ."

ನೂರು ಇಲಿ ತಿಂದ ಬೆಕ್ಕು ಹಜ್ ಯಾತ್ರೆಗೆ ಹೊರಟಿತಂತೆ. ಮತ್ತೆ ಒಂದು ಪ್ರಾಣಿಯ ತಲೆಗೇ ಬಂತು!

ಮನೆಗೆ ಬಂದು ಅವ್ವನ ಮುಂದೆ ಎಲ್ಲ ಒದರಿದೆ. ಅವ್ವ ಹಿಟ್ಟು ನಾದುತ್ತಾ ಕೇಳಿದಳು.

"ನೀ ಚಹಾ ಕುಡದಿ?"

"ಹೂಂ."

ಅವ್ವ ಮತ್ತೇನೂ ಕೇಳಲಿಲ್ಲ.