ಮುಳ್ಳಿಲ್ಲದ ಪೊದೆಯ ಕಾವಲು

14 ಮಾರ್ಚ್ 2025, ಶುಕ್ರವಾರ, ರಾತ್ರಿ

ಮರುಭೂಮಿಯ ಗಿಡಕ್ಕೆ ಮುಳ್ಳೇ ಕಾವಲು ಎಂದು ಇಷ್ಟು ಕಾಲ ನಂಬಿದ್ದೆ. ಕ್ರಿಯೋಸೋಟ್ ಪೊದೆಯ ಬಗ್ಗೆ ಈ ವಾರವಿಡೀ ಓದಿದ ಮೇಲೆ ಆ ನಂಬಿಕೆ ಉಳಿದಿಲ್ಲ. ಉತ್ತರ ಅಮೆರಿಕದ ಮೊಹಾವಿ, ಸೊನೋರಾ ಮರುಭೂಮಿಗಳಲ್ಲಿ ಮೈಲಿಗಟ್ಟಲೆ ಹಬ್ಬಿರುವ ಈ ಪೊದೆಗೆ ಮುಳ್ಳೇ ಇಲ್ಲ. ವರ್ಷವಿಡೀ ಹಸಿರಾಗಿದ್ದರೂ ದನಕುರಿಗಳು ಅದಕ್ಕೆ ಬಾಯಿ ಹಾಕುವುದು ಅಪರೂಪ.

ಅದರ ಕಾವಲಿರುವುದು ಎಲೆಯ ಮೇಲಿನ ಅಂಟು ರಾಳದಲ್ಲಿ. ಈ ರಾಳದ ಫೀನಾಲ್ ಸಂಯುಕ್ತಗಳು ಪ್ರೋಟೀನಿಗೆ ಅಂಟಿಕೊಂಡು ತಿಂದದ್ದು ಅರಗದಂತೆ ಮಾಡುತ್ತವೆ. ಅವುಗಳಲ್ಲಿ ಮುಖ್ಯವಾದ ಎನ್‌ಡಿಜಿಎ ಎಂಬ ಆಮ್ಲವು ಹೆಚ್ಚಾಗಿ ಹೊಟ್ಟೆ ಸೇರಿದರೆ ಯಕೃತ್ತು, ಮೂತ್ರಪಿಂಡಗಳಿಗೂ ಹಾನಿ ಮಾಡುತ್ತದೆ. ಬಲಿತ ಎಲೆಗಿಂತ ಚಿಗುರಿನಲ್ಲೇ ರಾಳ ಹೆಚ್ಚು ಎಂಬುದು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ನೀರಿನ ಆಸರೆ ಇಲ್ಲದೆ ನಿಧಾನವಾಗಿ ಬೆಳೆಯುವ ಗಿಡಕ್ಕೆ ಕಳೆದುಕೊಂಡ ಎಲೆಯನ್ನು ಮತ್ತೆ ಕಟ್ಟುವುದು ಬಲು ದುಬಾರಿ. ಆದ್ದರಿಂದ ಇರುವ ಎಲೆಯನ್ನು ಕಾಯುವುದಕ್ಕೇ ಅದು ತನ್ನ ದುಡಿಮೆಯ ದೊಡ್ಡ ಪಾಲನ್ನು ಸುರಿಯುತ್ತದೆ.

ಆದರೂ ಮೊಹಾವಿಯ ವುಡ್‌ರ್ಯಾಟ್ ಎಂಬ ಇಲಿ ಇದೇ ಎಲೆಯನ್ನು ತಿಂದು ಬದುಕುತ್ತದೆ. 2014ರಲ್ಲಿ ಯೂಟಾ ವಿಶ್ವವಿದ್ಯಾಲಯದ ಕೆವಿನ್ ಕೋಲ್, ಡೆನಿಸ್ ಡಿಯರಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಪ್ರತಿಜೈವಿಕ ಕೊಟ್ಟು ಕರುಳಿನ ಸೂಕ್ಷ್ಮಜೀವಿಗಳನ್ನು ಕುಗ್ಗಿಸಿದಾಗ ಈ ಇಲಿಗಳಿಗೆ ಕ್ರಿಯೋಸೋಟ್ ಆಹಾರ ತಾಳಲಾಗಲಿಲ್ಲ. ಆ ಪೊದೆಯನ್ನೇ ಕಾಣದ ಗ್ರೇಟ್ ಬೇಸಿನ್ ಪ್ರದೇಶದ ಇಲಿಗಳಿಗೆ ಮೊಹಾವಿ ಇಲಿಗಳ ಹಿಕ್ಕೆಯನ್ನು ಆಹಾರದಲ್ಲಿ ಬೆರೆಸಿ ಕೊಟ್ಟಾಗ ಅವು ಆ ವಿಷವನ್ನು ಮೊದಲಿಗಿಂತ ಚೆನ್ನಾಗಿ ತಾಳಿಕೊಂಡವು. ಗಿಡದ ನಿಜವಾದ ಎದುರಾಳಿ ಇಲಿಗಿಂತ ಅದರ ಕರುಳಿನೊಳಗಿನ ಜೀವಿಗಳೇ ಎಂದು ನನಗನ್ನಿಸುತ್ತದೆ.

ಮಲಗುವ ಮುನ್ನ ಇನ್ನೊಂದನ್ನು ಬರೆದಿಡಬೇಕು. ಇಸ್ರೇಲಿನ ಮರುಭೂಮಿಯಲ್ಲಿ ಓಕ್ರಡೀನಸ್ ಎಂಬ ಪೊದೆಯಿದೆ. ಅದರ ಹಣ್ಣಿನ ತಿರುಳಿನಲ್ಲಿ ಗ್ಲುಕೋಸಿನೋಲೇಟ್ ಎಂಬ ರಾಸಾಯನಿಕವಿದೆ, ಬೀಜದಲ್ಲಿ ಅದನ್ನು ಒಡೆಯುವ ಕಿಣ್ವವಿದೆ; ಬೇರೆ ಬೇರೆಯಾಗಿರುವಷ್ಟು ಹೊತ್ತು ಎರಡೂ ತಣ್ಣಗಿರುತ್ತವೆ, ಬೀಜ ಕಡಿದೊಡನೆ ಒಂದಾಗಿ ಸಾಸಿವೆಯ ಘಾಟಿನಂಥ ವಿಷವಾಗುತ್ತವೆ. ಮೈಮೇಲೆ ಮುಳ್ಳಿನಂಥ ಕೂದಲಿರುವ ಅಲ್ಲಿನ ಪುಟ್ಟ ಇಲಿಗೆ ಇದು ಗೊತ್ತು. ಅದು ಹಣ್ಣನ್ನು ಬಂಡೆಗಳ ಸಂದಿಗೆ ಒಯ್ದು, ತಿರುಳನ್ನಷ್ಟೇ ತಿಂದು, ಬೀಜವನ್ನು ಇಡಿಯಾಗಿ ಆ ನೆರಳಿನಲ್ಲೇ ಉಗುಳಿಬಿಡುತ್ತದೆ.