ಏರ್ ರೈಫಲ್ ಮೇಲೆ ಸ್ಕೋಪ್ ರೈಲ್ ಅಲುಗದಂತೆ ಅಂಟಿಸುವುದು

ಸ್ಪ್ರಿಂಗ್ ಏರ್ ರೈಫಲ್‌ಗೆ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಹಾಕಿದವರ ದೂರು ಹೆಚ್ಚುಕಮ್ಮಿ ಒಂದೇ: ಬೆಳಗ್ಗೆ ಜೀರೋ ಮಾಡಿದ್ದು, ಅಂದರೆ ನೋಡಿದಲ್ಲೇ ಪೆಲೆಟ್ ಬೀಳುವಂತೆ ಹೊಂದಿಸಿದ್ದು, ನೂರು ಪೆಲೆಟ್ ಹೊಡೆಯುವಷ್ಟರಲ್ಲಿ ಎತ್ತಲೋ ಹೋಗಿರುತ್ತದೆ. ಸ್ಕ್ರೂ ಇನ್ನಷ್ಟು ಬಿಗಿ ಮಾಡುತ್ತಾರೆ, ಅಲ್ಯೂಮಿನಿಯಂ ಕ್ಲಾಂಪಿನ ಥ್ರೆಡ್ ಹೋಗುತ್ತದೆ, ಸ್ಕೋಪ್ ಕೂರುವ ಪಟ್ಟಿ, ಅಂದರೆ ರೈಲ್, ಮಾತ್ರ ಮತ್ತೆ ಜಾರುತ್ತದೆ.

ಜಾರುವುದಕ್ಕೆ ಕಾರಣ ಸ್ಪ್ರಿಂಗ್ ಬಂದೂಕಿನ ಎರಡು ಪೆಟ್ಟು. ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಕೊನೆ ಮುಟ್ಟಿ ನಿಂತಾಗ ರೈಫಲ್ ಥಟ್ಟನೆ ಮುಂದಕ್ಕೆ ಎಳೆಯುತ್ತದೆ. ಈ ಎರಡನೆಯ ಪೆಟ್ಟಿಗೆ ಸ್ಕೋಪ್ ತನ್ನ ಭಾರಕ್ಕೆ ಇದ್ದಲ್ಲೇ ಉಳಿದು, ರೈಲ್ ಸಮೇತ ಸ್ವಲ್ಪಸ್ವಲ್ಪವೇ ಹಿಂದೆ ಸರಿಯುತ್ತದೆ. 11 ಮಿ.ಮೀ. ಡವ್‌ಟೇಲ್ ತೋಡನ್ನು (ರೈಫಲ್ ಮೇಲಿನ ಓರೆ ಅಂಚಿನ ಗೀರು) ಪಕ್ಕದಿಂದ ಕಚ್ಚುವ ಪಿಕಾಟಿನಿ ಅಡಾಪ್ಟರ್ ರೈಲ್ (ಅಡ್ಡ ಕಚ್ಚುಗಳಿರುವ ಪಟ್ಟಿ) ಇದ್ದರಂತೂ ಕಚ್ಚಿಕೊಂಡಿರುವುದು ಎರಡು ತೆಳ್ಳನೆಯ ಅಂಚುಗಳು ಮಾತ್ರ. ನಡುವೆ ಪೂರ್ತಿ ಖಾಲಿ. ಆ ಖಾಲಿ ಜಾಗವನ್ನು ಎಪಾಕ್ಸಿ ಅಂಟಿನಿಂದ ತುಂಬಿಸುವುದೇ ಇಲ್ಲಿನ ಕೆಲಸ.

ಅಂಟು ತಡೆಯುತ್ತದೆಯೇ ಎಂದು ಅನುಮಾನವಿದ್ದರೆ ಒಂದು ಲೆಕ್ಕ ಹಾಕಿ. ರೈಲಿಗೆ ಹಿಡಿಸುವ ರಿಂಗ್ ಸೇರಿ ಸ್ಕೋಪಿನ ತೂಕ 600 ಗ್ರಾಂ, ಪೆಟ್ಟು ಗುರುತ್ವದ ಸಾವಿರ ಪಟ್ಟು ಎಂದೇ ಇಟ್ಟುಕೊಳ್ಳೋಣ. ಬಲ ಸುಮಾರು 5,900 ನ್ಯೂಟನ್. ಅಂಟು ಹಿಡಿದ ಜಾಗ 100 ಮಿ.ಮೀ. ಉದ್ದ, 10 ಮಿ.ಮೀ. ಅಗಲ. ಪ್ರತಿ ಚದರ ಮಿ.ಮೀ.ಗೆ ಬರೀ 10 ನ್ಯೂಟನ್ ಹಿಡಿದರೂ 10,000 ಆಯಿತು. ಚೆನ್ನಾಗಿ ಉಜ್ಜಿ ಒರೆಸಿದ ಲೋಹದ ಮೇಲೆ ಒಳ್ಳೆಯ ಎಪಾಕ್ಸಿ ಇದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಎಣ್ಣೆ ಉಳಿದ ಲೋಹದ ಮೇಲಾದರೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲ, ಇಡೀ ಅಂಟು ಹಪ್ಪಳದ ಹಾಗೆ ಎದ್ದು ಬರುತ್ತದೆ.

ಅಂಟಿನ ಆಯ್ಕೆ. ಅರಾಲ್ಡೈಟ್‌ನ ನಿಧಾನದ, ಮಾಮೂಲಿ ಜೋಡಿ ಟ್ಯೂಬ್ ಸಾಕು. ಐದು ನಿಮಿಷದ್ದು ಬೇಡ, ರೈಲ್ ನೇರ ಮಾಡುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಉಕ್ಕಿನ ಪುಡಿ ಬೆರೆಸಿದ ಜೆ-ಬಿ ವೆಲ್ಡ್ ಸಿಕ್ಕರೆ ಅದೂ ಚೆನ್ನ. ಫೆವಿಕ್ವಿಕ್ ಮುಟ್ಟಬೇಡಿ: ಅದು ತೆಳ್ಳಗೆ, ಸಂದು ತುಂಬುವುದಿಲ್ಲ, ಪೆಟ್ಟಿಗೆ ಗಾಜಿನಂತೆ ಒಡೆಯುತ್ತದೆ. ಫೀಲರ್ ಗೇಜ್ (ಸಂದಿನ ಅಗಲ ಅಳೆಯುವ ತೆಳ್ಳನೆಯ ಲೋಹದ ಎಲೆಗಳ ಕಟ್ಟು) ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಎಮರಿ ಪೇಪರ್, ಸಣ್ಣ ಟಾರ್ಕ್ ಡ್ರೈವರ್ ಎಸ್.ಜೆ.ಪಿ. ರಸ್ತೆಯಲ್ಲಿ ಹುಡುಕಿ.

ಶುರು ಮಾಡುವ ಮುಂಚೆ ಬ್ಯಾರೆಲನ್ನು ಕೀಲಿನಲ್ಲಿ ಸ್ವಲ್ಪ ಬಗ್ಗಿಸಿ ತೆರೆದು ನೋಡಿ, ಒಳಗೆ ಪೆಲೆಟ್ ಇರಬಾರದು, ಸ್ಪ್ರಿಂಗ್ ಎಳೆದಿರಬಾರದು. ಹಿಡಿತ ಸಾಲದೆಂದು ರೈಲ್ ಕೂರುವ ರೈಫಲಿನ ಟ್ಯೂಬಿಗೆ ತೂತು ಕೊರೆದು ಸ್ಕ್ರೂ ಹಾಕುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಅದರ ಒಳಗೇ ಪಿಸ್ಟನ್ ಸೀಲ್ ಓಡಾಡುತ್ತದೆ. ಒಂದು ತೂತಿಗೆ ಕಂಪ್ರೆಷನ್ ಹೋಯಿತು, ಬಂದೂಕೂ ಹೋಯಿತು.

ಮೊದಲು ಅಂಟಿಲ್ಲದೆ ಕೂರಿಸಿ. ಮುಂದಿನ ಕ್ಲಾಂಪ್ ಮಾತ್ರ ಬಿಗಿ ಮಾಡಿ, ಹಿಂದಿನದನ್ನು ಸಡಿಲ ಬಿಟ್ಟು, ರೈಲಿನ ಹಿಂತುದಿಯ ಕೆಳಗೆ ಫೀಲರ್ ಗೇಜ್ ಎಲೆ ತೂರಿಸಿ ನೋಡಿ. ಆಮೇಲೆ ಹಿಂದಿನದನ್ನೂ ಬಿಗಿ ಮಾಡಿ ಮತ್ತೆ ಅಳೆಯಿರಿ. ಎರಡು ಅಳತೆ ಬೇರೆ ಬೇರೆ ಬಂದರೆ ಸ್ಕ್ರೂ ರೈಲನ್ನು ಬಗ್ಗಿಸುತ್ತಿದೆ ಎಂದೇ ಅರ್ಥ. ಬಗ್ಗಿದ ರೈಲಿನ ಮೇಲೆ ರಿಂಗ್ ಕೂರಿಸಿದರೆ ಸ್ಕೋಪಿನ ಟ್ಯೂಬ್ ಕೂಡ ತಿರುಚುತ್ತದೆ, ಜೀರೋ ಅಲೆಯುವುದಕ್ಕೆ ಅಷ್ಟೇ ಸಾಕು. ಅಂಟು ಹಾಕುವಾಗ ಹಿಂದಿನ ಕ್ಲಾಂಪನ್ನು ಯಾಕೆ ಬಿಗಿ ಮಾಡಬಾರದು ಎನ್ನುವುದಕ್ಕೂ ಇದೇ ಉತ್ತರ.

ನೇರ ಕೂರಿಸುವ ವಿಷಯದಲ್ಲಿ ಸಡಿಲಬಿಡಬೇಡಿ. ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. 130 ಮಿ.ಮೀ. ರೈಲಿನ ಒಂದು ತುದಿ ಅಷ್ಟೇ ಪಕ್ಕಕ್ಕೆ ಹೋದರೆ 10 ಮೀಟರಿನಲ್ಲಿ ಗುರಿ 7.7 ಮಿ.ಮೀ. ತಪ್ಪುತ್ತದೆ, ಒಂದು ಕ್ಲಿಕ್ಕಿಗೆ ಕಾಲು ಎಂಒಎ (ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಸರಿಯುವ ಸ್ಕೋಪಿನಲ್ಲಿ ಹತ್ತು ಹನ್ನೊಂದು ಕ್ಲಿಕ್. ಬ್ಯಾರೆಲ್ ಬಗ್ಗಿಸಿ ಪೆಲೆಟ್ ತುಂಬುವ ಬಂದೂಕುಗಳಲ್ಲಿ ನಳಿಗೆ ಸ್ವಲ್ಪ ಕೆಳಗೆ ನೋಡುವುದು ಮಾಮೂಲು. ಸ್ಕೋಪಿನ ಎತ್ತರದ ಕ್ಲಿಕ್ ಮುಗಿದರೂ ಪೆಲೆಟ್ ಕೆಳಗೇ ಬೀಳುತ್ತಿದ್ದರೆ ಅದನ್ನು ಸರಿಪಡಿಸಲು ಇದೇ ಸಮಯ. ಕೂಲ್‌ಡ್ರಿಂಕ್ ಕ್ಯಾನಿನ ತಗಡು ಕೂಡ ಸುಮಾರು 0.1 ಮಿ.ಮೀ. ಹಿಂತುದಿಯ ಕೆಳಗೆ ಅಂತಹ ಐದು ಪದರ ಕೊಟ್ಟರೆ 10 ಮೀಟರಿನಲ್ಲಿ ಸುಮಾರು 38 ಮಿ.ಮೀ. ಮೇಲೆ ಬರುತ್ತದೆ, ಉಳಿದ ಸಂದನ್ನು ಎಪಾಕ್ಸಿ ತುಂಬುತ್ತದೆ. ತಗಡಿನ ಬಣ್ಣವನ್ನೂ ಒಳಗಿನ ಲೇಪವನ್ನೂ ಉಜ್ಜಿ ತೆಗೆಯಲು ಮರೆಯಬೇಡಿ.

ಇನ್ನು ಒರೆಸುವ ಕೆಲಸ. ಅರ್ಧ ಸಮಯ ಇದಕ್ಕೇ ಕೊಡಿ. ರೈಲ್ ಕೂರುವ ಜಾಗದ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಒಳಗಿನಷ್ಟನ್ನೇ ಅಸಿಟೋನ್ ಬಟ್ಟೆಯಿಂದ ಒರೆಸಿ. ಆಮೇಲೆ 120 ಅಥವಾ 180 ನಂಬರ್ ಎಮರಿಯಿಂದ ಬ್ಲೂಯಿಂಗ್ ಎನ್ನುವ ಕಪ್ಪು ಪದರ ಹೋಗಿ ಬೂದು ಉಕ್ಕು ಕಾಣುವವರೆಗೆ ಅಡ್ಡಡ್ಡ ಉಜ್ಜಿ. ರೈಲಿನ ತಳಕ್ಕೂ ಇದೇ ಉಪಚಾರ, ಆನೋಡೈಸ್ ಹೊಳಪು ಪೂರ್ತಿ ಹೋಗಬೇಕು. ಉಜ್ಜುವ ಮೊದಲೇ ಎಣ್ಣೆ ತೆಗೆಯಬೇಕು, ಇಲ್ಲದಿದ್ದರೆ ಎಮರಿ ಆ ಎಣ್ಣೆಯನ್ನೇ ಗೀರುಗಳೊಳಗೆ ತುಂಬುತ್ತದೆ. ಉಜ್ಜಿದ ಮೇಲೆ ಹೊಸ ಬಟ್ಟೆಯಿಂದ ಮತ್ತೆ ಅಸಿಟೋನ್. ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತಿರಿ. ಕಿಟಕಿ ತೆರೆದಿರಲಿ, ಹತ್ತಿರ ಗ್ಯಾಸ್ ಒಲೆ ಉರಿಯುತ್ತಿರಬಾರದು.

ಸ್ವಚ್ಛವಾಯಿತೇ ಎಂದು ತಿಳಿಯಲು ಒಂದು ಹನಿ ಶುದ್ಧ ನೀರು ಬಿಡಿ. ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ನಿಂತರೆ ಎಣ್ಣೆ ಇನ್ನೂ ಇದೆ. ಚಪ್ಪಟೆಯಾಗಿ ಹರಡಿ ಲೋಹಕ್ಕೆ ಅಂಟಿಕೊಂಡರೆ ಸರಿ. ನೀರು ಒರೆಸಿ, ಕೊನೆಯ ಬಾರಿ ಅಸಿಟೋನ್ ಹಚ್ಚಿ, ಆರಿದ ಕೂಡಲೇ ಅಂಟು. ಬೆರಳು ತಾಗಿದರೂ ಮತ್ತೆ ಒರೆಸಿ. ಮಳೆಗಾಲದ ಬೆಂಗಳೂರಿನಲ್ಲಿ ಬರಿ ಉಕ್ಕನ್ನು ರಾತ್ರಿಯಿಡೀ ಹಾಗೇ ಬಿಟ್ಟರೆ ಬೆಳಗ್ಗೆ ತುಕ್ಕಿನ ಬಣ್ಣ ಕಾಣಬಹುದು, ಉಜ್ಜಿದ ದಿನವೇ ಅಂಟಿಸಿ.

ಕ್ಲಾಂಪ್ ಸ್ಕ್ರೂಗಳ ಥ್ರೆಡ್ಡಿಗೆ ತೆಳ್ಳಗೆ ಬೂಟ್ ಪಾಲಿಶ್ ಸವರಿ, ಇಲ್ಲದಿದ್ದರೆ ಅವೂ ಅಂಟಿಹೋಗುತ್ತವೆ. ಆ ಕೈಯನ್ನು ತೊಳೆದೇ ಮುಂದಿನ ಕೆಲಸ.

ಬೇಕಾಗುವ ಅಂಟು ಅರ್ಧ ಮಿ.ಲೀ. ಸುತ್ತಮುತ್ತ, ಆದರೂ 3 ಮಿ.ಲೀ. ಕಲೆಸಿ, ಚಿಟಿಕೆಯಷ್ಟು ಕಲೆಸಿದರೆ ಪ್ರಮಾಣ ತಪ್ಪುತ್ತದೆ. ಮಾಮೂಲಿ ಅರಾಲ್ಡೈಟಿಗೆ ಗಾತ್ರದಲ್ಲಿ ಸಮಸಮ. ತೂಕದಲ್ಲಾದರೆ 100 ಭಾಗ ರೆಸಿನ್‌ಗೆ 80 ಭಾಗ ಹಾರ್ಡನರ್. ಗಟ್ಟಿ ಬೇಗ ಬರಲೆಂದು ಹಾರ್ಡನರ್ ಜಾಸ್ತಿ ಹಾಕಿದರೆ ಅಂಟು ಮೆತ್ತಗೇ ಉಳಿಯುತ್ತದೆ. ಎರಡು ಮೂರು ನಿಮಿಷ, ಅಂಚಿನದನ್ನೂ ಕೆರೆದು ಸೇರಿಸುತ್ತಾ, ಒಂದೇ ಬಣ್ಣ ಬರುವ ತನಕ ಕಲೆಸಿ. ಎರಡೂ ಮೈಗೆ ತೆಳ್ಳಗೆ ಒತ್ತಿ ಸವರಿ, ರೈಲಿನ ನಡುವೆ ಒಂದು ಎಳೆ ಹೆಚ್ಚಿಗೆ ಬಿಡಿ. ಒತ್ತಿದಾಗ ಗಾಳಿ ಹೊರಗೆ ಓಡುತ್ತದೆ. ಇಕ್ಕೆಲದಲ್ಲೂ ಉದ್ದಕ್ಕೂ ಅಂಟು ಇಣುಕಬೇಕು. ಇಣುಕದ ಕಡೆ ಒಳಗೆ ಖಾಲಿ.

ಮುಂದಿನ ಕ್ಲಾಂಪ್ ಹಗುರವಾಗಿ ಬಿಗಿ, ಹಿಂದಿನದು ಬರೀ ತಾಗುವಷ್ಟು. ಸ್ಟೀಲ್ ಸ್ಕೇಲ್ ಇಟ್ಟು ನೇರ ನೋಡಿ, ರೈಫಲನ್ನು ರಸಮಟ್ಟ ಇಟ್ಟು ಸಮವಾಗಿ ಮಲಗಿಸಿ. ಹೊರಬಂದದ್ದನ್ನು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ತೆಗೆದು, ಟೇಪನ್ನು ಅಂಟು ಪೂರ್ತಿ ಗಟ್ಟಿಯಾಗುವ ಮುಂಚೆಯೇ ಕೀಳಿ.

25 ಡಿಗ್ರಿಯಲ್ಲಿ 24 ಗಂಟೆ ಮುಟ್ಟಬೇಡಿ. ಹತ್ತು ಡಿಗ್ರಿ ಇಳಿದರೆ ಹೊತ್ತು ಸುಮಾರು ದುಪ್ಪಟ್ಟು, ಡಿಸೆಂಬರಿನ ಚಳಿಗೆ 48 ಗಂಟೆ ಇರಲಿ. ಬೇಗ ಆಗಲೆಂದು ಟೆರೇಸಿನ ಬಿಸಿಲಿಗೆ ಇಡುವುದು ತಪ್ಪು. ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ: 130 ಮಿ.ಮೀ.ಗೆ 20 ಡಿಗ್ರಿ ವ್ಯತ್ಯಾಸದಲ್ಲಿ 0.03 ಮಿ.ಮೀ. ಹಿಗ್ಗಿದ ಸ್ಥಿತಿಯಲ್ಲಿ ಅಂಟು ಗಟ್ಟಿಯಾದರೆ, ತಣ್ಣಗಾದ ಮೇಲೆ ಆ ಸೆಳೆತ ಅಂಟಿನೊಳಗೇ ಉಳಿಯುತ್ತದೆ.

ಒಣಗಿದ ಮೇಲೆ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಪಾಲಿಶ್ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಲಾಕ್‌ಟೈಟ್ 222 ಒಂದು ಹನಿ ಹಾಕಿ, 2 ನ್ಯೂಟನ್-ಮೀಟರ್ ಆಸುಪಾಸು ಬಿಗಿ ಮಾಡಿ. ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದೇ ಸರಿ. ಕೆಂಪು ಲಾಕ್‌ಟೈಟ್ ಈ ಸಣ್ಣ ಸ್ಕ್ರೂಗಳಿಗೆ ಬೇಡ, ಬಿಚ್ಚುವಾಗ ತಲೆ ಸವೆಯುತ್ತದೆ. ರಿಂಗಿಗೂ ಸ್ಕೋಪಿಗೂ ನಡುವೆ ಎಪಾಕ್ಸಿ ಹಾಕಬಾರದು. ರೈಲಿಂದ ರೈಫಲಿನ ಟ್ಯೂಬಿಗೆ ಅಡ್ಡಲಾಗಿ ನೇಲ್ ಪಾಲಿಶ್‌ನ ಒಂದು ಗೆರೆ ಎಳೆದು ಐವತ್ತು ಪೆಲೆಟ್ ಹೊಡೆಯಿರಿ. ಗೆರೆ ಬಿರುಕು ಬಿಟ್ಟಿದ್ದರೆ ರೈಲ್ ಸರಿದಿದೆ. ಗೆರೆ ಹಾಗೇ ಇದ್ದೂ ಪೆಲೆಟ್ ಬೀಳುವ ಜಾಗ ಅಲೆಯುತ್ತಿದ್ದರೆ ರಿಂಗ್, ಸ್ಕೋಪ್, ಸ್ಟಾಕಿನ (ರೈಫಲಿನ ಹಿಡಿಯ) ಸ್ಕ್ರೂ ನೋಡಿ.

ಮುಂದೆ ಬಿಚ್ಚಬೇಕಾದರೆ ಸ್ಕೋಪ್ ಇಳಿಸಿ, ಸ್ಟಾಕ್ ಬಿಚ್ಚಿ, ರೈಲಿಗೆ ಮಾತ್ರ ಹಾಟ್ ಏರ್ ಗನ್ ಹಿಡಿಯಿರಿ. 100 ಡಿಗ್ರಿ ಸಮೀಪಿಸಿದಾಗ ಅಂಟು ಮೆತ್ತಗಾಗುತ್ತದೆ, ನೈಲಾನ್ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿದರೆ ಬಿಡುತ್ತದೆ. ರೈಫಲಿನ ಟ್ಯೂಬನ್ನೇ ಕಾಯಿಸಿದರೆ ಒಳಗಿನ ಪ್ಲಾಸ್ಟಿಕ್ ಸೀಲ್ ಕೆಡುತ್ತದೆ. ಲೈಸೆನ್ಸ್ ಇರುವ ಬಂದೂಕಾದರೆ ಈ ಕೆಲಸವನ್ನು ಪರವಾನಗಿ ಇರುವ ಗನ್‌ಸ್ಮಿತ್‌ಗೇ ಬಿಡಿ. ಅವರು ಒಂದು ಮೈಗೆ ಮಾತ್ರ ಅಂಟು ಹಿಡಿಸಿ, ಇನ್ನೊಂದಕ್ಕೆ ಪಾಲಿಶ್ ಹಚ್ಚಿ, ಬೇಕಾದಾಗ ಬಿಚ್ಚಲು ಬರುವಂತೆ ಕೂರಿಸುತ್ತಾರೆ.