ಬಸ್ಸಾರಿಗೋ, ಉಪ್ಸಾರಿಗೋ?

"ಸಿಸ್ಟರ್, ಈ ಮಾತ್ರೇನ ಪುಡಿ ಮಾಡಿ ಸಾರಿಗೆ ಹಾಕಿದ್ರೆ ಅವನಿಗೆ ಗೊತ್ತಾಯ್ತದಾ?"

ಮಂಗಳವಾರ ಒಪಿಡಿಯಲ್ಲಿ, ಮಗನ ಕುಡಿತ ಬಿಡಿಸಲು ಬಂದ ಒಬ್ಬ ತಾಯಿ ಕೇಳಿದ ಪ್ರಶ್ನೆ ಇದು. ಮಗ ಪಕ್ಕದಲ್ಲೇ ಕೂತಿದ್ದ. ನಲವತ್ತರ ಆಸುಪಾಸು, ಹಮಾಲಿ ಕೆಲಸ. ತಾಯಿಯ ಕಡೆ ತಿರುಗದೇ ಕೇಳಿದ: "ಯಾವ್ ಸಾರಿಗವ್ವಾ? ಬಸ್ಸಾರಿಗೋ, ಉಪ್ಸಾರಿಗೋ?"

ನನಗೆ ನಗು ತಡೆಯಲಾಗಲಿಲ್ಲ. ಆದರೆ ಆತ ತಮಾಷೆ ಮಾಡಿದನೋ, ನೊಂದು ಹೇಳಿದನೋ ಅಂತ ಅವತ್ತಿನಿಂದ ಯೋಚಿಸ್ತಾನೇ ಇದ್ದೇನೆ.

ನಗದೇ ಇದ್ದವರು ಜೊತೆಗೆ ಬಂದಿದ್ದ ಭಾವನವರು. ಆಟೊ ಬಾಡಿಗೆ ಕೊಟ್ಟಿದ್ದು ಅವರಂತೆ. ಹಾಗಾಗಿ ಉತ್ತರ ಕೊಡೋ ಹಕ್ಕೂ ಅವರದೇ. "ರಾತ್ರಿ ನಿದ್ದೆ ಬರುತ್ತಾ?" ಅಂತ ನಾನು ಆತನನ್ನು ಕೇಳಿದರೆ, "ಇವನಿಗೆಲ್ಲಿ ನಿದ್ದೆ ಮೇಡಂ" ಅಂತ ಅವರು. ಇಂಥವರು ಪ್ರತಿ ಮನೆಯಲ್ಲೂ ಒಬ್ಬರಿರ್ತಾರೆ, ಅಲ್ವಾ?

ತಾಯಿಯ ಮೇಲೆ ಸಿಟ್ಟು ಬರಲಿಲ್ಲ. ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸ್ತೀವಿ ಅನ್ನೋ ಜಾಹೀರಾತು ನಮ್ಮ ಕಡೆ ಗೋಡೆ ಗೋಡೆಯ ಮೇಲಿದೆ. ಆಕೆ ಅಂದುಕೊಂಡಿದ್ದು ಡೈಸಲ್ಫಿರಾಮ್. ಜನ ವಾಂತಿ ಮಾತ್ರೆ ಅಂತಾರಲ್ಲ, ಅದು. ನಾವು ಕುಡಿದದ್ದನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್ ಅನ್ನೋ ವಿಷ ಮಾಡುತ್ತೆ, ಆಮೇಲೆ ಆ ವಿಷವನ್ನೂ ಕರಗಿಸುತ್ತೆ. ಈ ಮಾತ್ರೆ ಎರಡನೇ ಕೆಲಸ ನಿಲ್ಲಿಸುತ್ತೆ. ವಿಷ ಮೈಯಲ್ಲೇ ಉಳಿಯುತ್ತೆ. ಮುಖ ಕೆಂಪಾಗುತ್ತೆ, ವಾಂತಿ, ಎದೆ ಬಡಿತ, ಬಿಪಿ ಇಳಿಯೋದು. ಜೀವಕ್ಕೇ ಕುತ್ತು ಬರಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಇದರ ಭಯ ಇದ್ದೇ ಇರುತ್ತೆ. ಆಲ್ಕೋಹಾಲ್ ಇರೋ ಕೆಮ್ಮಿನ ಸಿರಪ್ಪು, ಅರಿಷ್ಟ ಕೂಡ ಮುಟ್ಟೋ ಹಾಗಿಲ್ಲ. ಏನೂ ಗೊತ್ತಿಲ್ಲದೇ ಸಾರು ಉಂಡವನು ಸಂಜೆ ಒಂದು ಕ್ವಾರ್ಟರ್ ಹಾಕಿದರೆ?

1940ರ ದಶಕದಲ್ಲಿ ಡೆನ್ಮಾರ್ಕಿನ ಇಬ್ಬರು ಇದನ್ನು ಹೊಟ್ಟೆಹುಳದ ಔಷಧಿ ಆಗಬಹುದಾ ಅಂತ ತಾವೇ ನುಂಗಿ ನೋಡಿದ್ದರು. ಆಮೇಲೆ ಕುಡಿದಾಗ ಮೈ ಕೆಟ್ಟಿತು, ಗುಟ್ಟು ಗೊತ್ತಾಯಿತು. ಅವರಿಗಾದರೂ ತಾವು ನುಂಗಿದ್ದೇನು ಅಂತ ಗೊತ್ತಿತ್ತು.

ನಮ್ಮ ಡಾಕ್ಟರ್ ಬರೆದಿದ್ದು ಡೈಸಲ್ಫಿರಾಮ್ ಅಲ್ಲ, ನಾಲ್ಟ್ರೆಕ್ಸೋನ್. 50 ಮಿಲಿಗ್ರಾಂ, ದಿನಕ್ಕೊಂದು. ನಾನು ಕುರ್ಚಿ ಎಳೆದು ಆತನ ಎದುರಿಗೆ ಕೂತೆ.

"ಇದನ್ನ ತಗೊಂಡು ಕುಡಿದ್ರೆ ಸಾಯ್ತೀನಾ ಸಿಸ್ಟರ್?"

"ಅದು ಬೇರೆ ಮಾತ್ರೆ. ಇದರಲ್ಲಿ ಕುಡಿದ್ರೂ ಮೊದಲಿನ ಮಜಾ ಸಿಗಲ್ಲ. ಬೇಕು ಬೇಕು ಅನ್ಸೋದು ಕಮ್ಮಿ ಆಗುತ್ತೆ. ಒಂದಿನ ಜಾರಿದ್ರೂ ಮಾತ್ರೆ ಬಿಡಬೇಡಿ, ಇಲ್ಲಿಗೆ ಬನ್ನಿ."

ಭಾವನವರಿಗೆ ರೇಗಿತು. "ಕುಡಿದ್ರೂ ಏನೂ ಆಗಲ್ಲ ಅಂದ್ರೆ ಮಾತ್ರೆ ಯಾಕೆ?"

ಇವರು ಕೇಳೋದು ಔಷಧಿನಾ, ಶಿಕ್ಷೆನಾ? ಸಕ್ಕರೆ ಕಾಯಿಲೆಯವರು ಜಿಲೇಬಿ ತಿಂದರೆ ವಾಂತಿ ಆಗೋ ಮಾತ್ರೆ ಕೊಡಿ ಅಂತ ಯಾರೂ ಕೇಳಲ್ಲ. ಕುಡಿಯುವವನಿಗೆ ಮಾತ್ರ ಮೈಗೆ ಹೊಡೆತ ಬೀಳಲೇಬೇಕು. ಭಾವನವರನ್ನೊಬ್ಬರನ್ನೇ ಯಾಕೆ ಅನ್ನಲಿ, ನಮ್ಮ ಆಸ್ಪತ್ರೆಗಳಲ್ಲೂ ಚೀಟಿಯನ್ನು ಹೆಂಡತಿ ಕೈಗೆ ಕೊಟ್ಟು, ಮಾತನ್ನೂ ಆಕೆಗೇ ಹೇಳಿ ಕಳಿಸುವವರಿದ್ದಾರೆ. 2019ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಆ ಒಬ್ಬ ಬಂದು ಎದುರಿಗೆ ಕೂತರೂ ಅವನನ್ನು ಬಿಟ್ಟು ಉಳಿದವರ ಹತ್ತಿರ ಮಾತಾಡ್ತೀವಿ.

ಆಮೇಲೆ ಆತ ಕೇಳಿದ್ದೆಲ್ಲ ಕೆಲಸದ ಪ್ರಶ್ನೆಗಳೇ. ಬೆಳಿಗ್ಗೆ ತಗೊಳ್ಲಾ, ರಾತ್ರಿನಾ? ಲಿವರ್ ಟೆಸ್ಟ್ ಮತ್ತೆ ಯಾವಾಗ? ಮೂಟೆ ಹೊತ್ತು ಸೊಂಟ ನೋಯುತ್ತೆ, ಮೆಡಿಕಲ್‌ನಲ್ಲಿ ಕೊಡೋ ಮಾತ್ರೆ ನುಂಗಬಹುದಾ? ಇದನ್ನು ಆತನೇ ಕೇಳಿದ್ದು ಒಳ್ಳೆಯದಾಯಿತು. ಟ್ರಮಡಾಲ್‌ನಂಥ ನೋವಿನ ಮಾತ್ರೆ ನಾಲ್ಟ್ರೆಕ್ಸೋನ್ ಜೊತೆ ಆಗಲ್ಲ. ಮೂಟೆ ಹೊರದ ಭಾವನವರಿಗೆ ಆ ಪ್ರಶ್ನೆ ಎಲ್ಲಿ ಹೊಳೀತಿತ್ತು?

ಮುಂದಿನ ಸಲ ಮೊದಲು ಆತನೊಬ್ಬನ ಹತ್ತಿರ ಮಾತಾಡ್ತೀನಿ, ನೀವು ಹೊರಗೆ ಕೂತಿರಿ ಅಂತ ಹೇಳಿದೆ. ತಾಯಿ ಆಗಲಿ ಅಂದರು. ಭಾವನವರು ಡಾಕ್ಟರ್ ಯಾವ ರೂಮಲ್ಲಿದ್ದಾರೆ ಅಂತ ಕೇಳಿದರು.